ಬಾಣಸಿಗ ಓಗ್ಯೂಸ್ಟ್ ಎಸ್ಕೊಫಿಯೆ ಅವರ ಬದುಕು ಮತ್ತು ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಸೇರಿದ ಹುಡುಗ ಹುಡುಗಿಯರು ಮೊದಲ ವರ್ಷದಲ್ಲೇ ಕೇಳುವ ಹೆಸರು ಎಸ್ಕೊಫಿಯೆ. ಐದು ಮೂಲ ಸಾಸ್‌ಗಳನ್ನೂ ಅಡುಗೆಮನೆಯ ಹುದ್ದೆಗಳನ್ನೂ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಅವರಲ್ಲಿ ಹೆಚ್ಚಿನವರು ಮುಂದೆ ಹೋಗಿಬಿಡುತ್ತಾರೆ. ಆ ಪಟ್ಟಿಗಳ ಹಿಂದೆ, ಬೆಂಕಿಯ ಮುಂದೆ ಅರವತ್ತು ವರ್ಷ ನಿಂತು, ಅಡುಗೆಯವನ ಕೆಲಸವೂ ಮರ್ಯಾದೆಯ ಕೆಲಸವೆಂದು ಜಗತ್ತು ಒಪ್ಪುವಂತೆ ಮಾಡಿದ ಒಬ್ಬ ಮನುಷ್ಯನಿದ್ದಾನೆ. ವಿದ್ಯಾರ್ಥಿಗಳೂ ಅಡುಗೆಯಲ್ಲಿ ಆಸಕ್ತಿಯುಳ್ಳ ಇತರರೂ ಅವರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ.

ಎಸ್ಕೊಫಿಯೆ ಯಾರು? ಅವರು ಎಲ್ಲಿ ಹುಟ್ಟಿದರು?

ಜಾರ್ಜ್ ಓಗ್ಯೂಸ್ಟ್ ಎಸ್ಕೊಫಿಯೆ 1846ರ ಅಕ್ಟೋಬರ್ 28ರಂದು ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಹತ್ತಿರವಿರುವ ವಿಲ್‌ನವ್-ಲುಬೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಕಮ್ಮಾರರು. ಬಾಲಕನಿಗೆ ಶಿಲ್ಪಿಯಾಗುವ ಆಸೆಯಿತ್ತು, ಆದರೆ ಮನೆಯವರ ಲೆಕ್ಕಾಚಾರ ಬೇರೆಯಾಗಿತ್ತು. ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ 1859ರಲ್ಲಿ, ನೀಸ್ ನಗರದಲ್ಲಿ ಅಪ್ಪನ ತಮ್ಮ ನಡೆಸುತ್ತಿದ್ದ ರೆಸ್ಟೋರೆಂಟಿಗೆ ಅವರನ್ನು ಕೆಲಸ ಕಲಿಯಲು ಕಳುಹಿಸಲಾಯಿತು. ನೀಸ್ ಆಗಿನ್ನೂ ಫ್ರಾನ್ಸಿಗೆ ಸೇರಿರಲಿಲ್ಲ. ಅದು ಸಾರ್ಡಿನಿಯಾ ರಾಜ್ಯದ ಪಾಲಾಗಿದ್ದು, ಫ್ರಾನ್ಸಿನ ಕೈಗೆ ಬಂದದ್ದು ಮರುವರ್ಷ. ಫ್ರೆಂಚ್ ಅಡುಗೆಯ ಪ್ರತಿನಿಧಿಯೆಂದು ಮುಂದೆ ಜಗತ್ತೆಲ್ಲ ಕೊಂಡಾಡಿದ ವ್ಯಕ್ತಿ ಮೊದಲು ಒಲೆಯ ಮುಂದೆ ನಿಂತದ್ದು ಫ್ರಾನ್ಸಿನ ಗಡಿಯ ಆಚೆಗೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಚಿಕ್ಕಪ್ಪ ಶಿಸ್ತಿನ ಮನುಷ್ಯ, ಅಣ್ಣನ ಮಗನೆಂದು ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಕುಳ್ಳಗಿದ್ದ ಹುಡುಗನಿಗೆ ಒಲೆಯ ಝಳ ನೇರವಾಗಿ ಮುಖಕ್ಕೇ ಹೊಡೆಯುತ್ತಿತ್ತು. ಅದರಿಂದ ತಪ್ಪಿಸಿಕೊಳ್ಳಲು ಅವರು ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಳ್ಳುವುದನ್ನು ರೂಢಿಸಿಕೊಂಡರು. ಅಂದಿನ ಅಡುಗೆಮನೆಗಳೆಂದರೆ ನೆಲಮಾಳಿಗೆಯ ಕತ್ತಲು, ಕಲ್ಲಿದ್ದಲ ಹೊಗೆ, ಬೈಗುಳ, ಏಟು ಮತ್ತು ದಾಹ ತಣಿಸಲು ಇಡೀ ದಿನ ಸಿಗುತ್ತಿದ್ದ ಮದ್ಯ. ಎಸ್ಕೊಫಿಯೆ ಮುಂದೆ ಮಾಡಿದ ಸುಧಾರಣೆಗಳಲ್ಲಿ ಅರ್ಧದಷ್ಟು ಈ ಬಾಲ್ಯದ ಅನುಭವಕ್ಕೆ ಕೊಟ್ಟ ಉತ್ತರವೆಂದು ನನಗೆ ಅನ್ನಿಸುತ್ತದೆ.

ಅವರು ಪ್ಯಾರಿಸ್‌ಗೆ ಬಂದದ್ದು ಯಾವಾಗ?

1865ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ‘ಪೆತಿ ಮೂಲಾಂ ರೂಜ್’ ಎಂಬ ಹೆಸರುವಾಸಿ ರೆಸ್ಟೋರೆಂಟಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಇದನ್ನು ಕೆಂಪು ಗಾಳಿಯಂತ್ರದ ಹೆಸರಿನ ನೃತ್ಯಶಾಲೆಯೊಂದಿಗೆ ಬೆರೆಸಿಕೊಳ್ಳಬಾರದು, ಆ ನೃತ್ಯಶಾಲೆ ಶುರುವಾದದ್ದು 1889ರಲ್ಲಿ. ಮಾಂಸ ಹುರಿಯುವ ವಿಭಾಗದಲ್ಲಿ ಸಹಾಯಕರಾಗಿ ಸೇರಿದ ಎಸ್ಕೊಫಿಯೆ, ಯುದ್ಧ ಮುಗಿದ ಮೇಲೆ ಅದೇ ಅಡುಗೆಮನೆಗೆ ಮುಖ್ಯಸ್ಥರಾಗಿ ಮರಳಿದರು.

ಯುದ್ಧದಲ್ಲಿ ಅವರು ಮಾಡಿದ್ದೇನು? ಅದರಿಂದ ಕಲಿತದ್ದೇನು?

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯದ ನಡುವೆ ಯುದ್ಧ ಶುರುವಾದಾಗ ಎಸ್ಕೊಫಿಯೆ ಅವರನ್ನು ಸೇನೆಗೆ ಕರೆಸಿ, ರೈನ್ ಸೇನೆಯ ಮುಖ್ಯ ಠಾಣ್ಯದ ಅಧಿಕಾರಿಗಳಿಗೆ ಅಡುಗೆ ಮಾಡುವ ಹೊಣೆ ಕೊಟ್ಟರು. ಆ ಸೇನೆ ಮೆಟ್ಸ್ ಕೋಟೆಯೊಳಗೆ ಸಿಕ್ಕಿಹಾಕಿಕೊಂಡಿತು. ಮುತ್ತಿಗೆ ಬಿಗಿಯಾಗುವ ಮೊದಲೇ ಅವರು ಕೋಳಿ, ಮೊಲ, ಹಂದಿ ಮೊದಲಾದವನ್ನು ಕೂಡಿಹಾಕಿಕೊಂಡಿದ್ದರು. ಅವು ಮುಗಿದ ಮೇಲೆ ಉಳಿದದ್ದು ಕುದುರೆಯ ಮಾಂಸ ಮಾತ್ರ. ಅದರ ಕಹಿಯನ್ನು ತೆಗೆಯಲು ಮೊದಲು ಕುದಿನೀರಿನಲ್ಲಿ ಅದ್ದಿ ತೆಗೆಯಬೇಕೆಂಬುದನ್ನು ಅವರು ಅಲ್ಲಿ ಕಂಡುಕೊಂಡರು. ಅಕ್ಟೋಬರ್ ಕೊನೆಯಲ್ಲಿ ಮೆಟ್ಸ್ ಶರಣಾಯಿತು, ಎಸ್ಕೊಫಿಯೆ ಯುದ್ಧಕೈದಿಯಾದರು.

ಈ ಅನುಭವ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಆಹಾರವನ್ನು ಕೆಡದಂತೆ ಡಬ್ಬಿಯಲ್ಲಿ ಕಾಪಿಡುವ ವಿಧಾನದ ಮೇಲೆ ಅವರಿಗೆ ಆಸಕ್ತಿ ಹುಟ್ಟಿದ್ದು ಇಲ್ಲಿಂದ. ಟೊಮೆಟೊವನ್ನು ಜಜ್ಜಿ ಬಾಟಲಿಗಳಲ್ಲಿ ತುಂಬಿಡುವ ಪ್ರಯೋಗವನ್ನು ಅವರು ಪ್ಯಾರಿಸ್‌ನಲ್ಲೇ ಆರಂಭಿಸಿದ್ದರು. ಅದನ್ನು ಡಬ್ಬಿಯಲ್ಲಿ ತಯಾರಿಸಿ ಮಾರುವಂತೆ ಕಾರ್ಖಾನೆಗಳ ಬೆನ್ನು ಹತ್ತಿ, ವರ್ಷಗಳ ನಂತರ ಒಪ್ಪಿಸಿದರು. ಐಷಾರಾಮಿ ಹೋಟೆಲಿನ ಅಡುಗೆಯವರು ಡಬ್ಬಿಯ ಪದಾರ್ಥವನ್ನು ಕೀಳೆಂದು ನೋಡುತ್ತಿದ್ದ ಕಾಲದಲ್ಲಿ, ಹಸಿವನ್ನು ಹತ್ತಿರದಿಂದ ಕಂಡ ಈ ಮನುಷ್ಯ ಹಾಗೆ ನೋಡಲಿಲ್ಲ.

ಸೀಸರ್ ರಿಟ್ಜ್ ಅವರೊಂದಿಗಿನ ಸ್ನೇಹ ಹೇಗೆ ಬೆಳೆಯಿತು?

ರಿಟ್ಜ್ ಸ್ವಿಟ್ಜರ್ಲೆಂಡಿನ ನೀಡರ್‌ವಾಲ್ಡ್ ಎಂಬ ಹಳ್ಳಿಯ ಬಡ ರೈತ ಕುಟುಂಬದ ಹದಿಮೂರನೆಯ ಮಗು. ಊಟ ಬಡಿಸುವ ಕೆಲಸದಿಂದ ಮೇಲೇರಿ 1884ರ ಹೊತ್ತಿಗೆ ಮಾಂಟೆ ಕಾರ್ಲೊದ ಗ್ರ್ಯಾಂಡ್ ಹೋಟೆಲಿನ ವ್ಯವಸ್ಥಾಪಕರಾಗಿದ್ದರು. ಅವರ ಮುಖ್ಯ ಬಾಣಸಿಗ ಪ್ರತಿಸ್ಪರ್ಧಿ ಹೋಟೆಲಿಗೆ ಹೊರಟುಹೋದಾಗ ಆ ಜಾಗಕ್ಕೆ ಬಂದವರು ಎಸ್ಕೊಫಿಯೆ. ಅತಿಥಿಗೆ ಏನು ಬೇಕೆಂಬುದನ್ನು ಅವನು ಬಾಯಿಬಿಡುವ ಮೊದಲೇ ಗ್ರಹಿಸುವುದು ರಿಟ್ಜ್ ಅವರ ಶಕ್ತಿಯಾಗಿದ್ದರೆ, ಅದನ್ನು ತಟ್ಟೆಯ ಮೇಲೆ ತಂದಿಡುವುದು ಎಸ್ಕೊಫಿಯೆ ಅವರ ಶಕ್ತಿ. ಚಳಿಗಾಲದಲ್ಲಿ ಮಾಂಟೆ ಕಾರ್ಲೊ, ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿದ್ದ ನ್ಯಾಷನಲ್ ಹೋಟೆಲ್, ಹೀಗೆ ಶ್ರೀಮಂತರು ಋತುಮಾನಕ್ಕೆ ತಕ್ಕಂತೆ ಓಡಾಡುತ್ತಿದ್ದ ಊರುಗಳಲ್ಲೇ ಇವರಿಬ್ಬರೂ ಕೆಲಸ ಮಾಡಿದರು.

1889ರಲ್ಲಿ ಲಂಡನ್ನಿನಲ್ಲಿ ಸವಾಯ್ ಹೋಟೆಲ್ ಬಾಗಿಲು ತೆರೆಯಿತು. ಗೀತನಾಟಕಗಳ ನಿರ್ಮಾಣದಿಂದ ಹಣ ಮಾಡಿದ್ದ ರಿಚರ್ಡ್ ಡಾಯ್ಲಿ ಕಾರ್ಟ್ ಅದರ ಒಡೆಯರು. ವಿದ್ಯುದ್ದೀಪ, ಲಿಫ್ಟ್ ಮುಂತಾದ ಅಂದಿನ ಹೊಸ ಅನುಕೂಲಗಳೆಲ್ಲ ಅಲ್ಲಿದ್ದವು, ವ್ಯವಸ್ಥೆ ಮಾತ್ರ ಸರಿಯಿರಲಿಲ್ಲ. ಅವರು ರಿಟ್ಜ್‌ರನ್ನು ಕರೆಸಿದರು, ರಿಟ್ಜ್ ಎಸ್ಕೊಫಿಯೆಯನ್ನು ಕರೆತಂದರು. ಮರ್ಯಾದಸ್ಥ ಮನೆತನದ ಹೆಂಗಸರು ಹೊರಗೆ, ಎಲ್ಲರ ಕಣ್ಣೆದುರು ಕುಳಿತು ಊಟ ಮಾಡುವುದು ಸಲ್ಲದೆಂಬ ಭಾವನೆ ಲಂಡನ್ನಿನಲ್ಲಿ ಆಗ ಗಟ್ಟಿಯಾಗಿತ್ತು. ಸವಾಯ್‌ನ ಊಟದ ಕೋಣೆ ಆ ಕಟ್ಟನ್ನು ಸಡಿಲಿಸಿತು. ಮಹಿಳೆಯರ ಹೆಸರನ್ನು ತಿನಿಸುಗಳಿಗೆ ಇಡುವ ಎಸ್ಕೊಫಿಯೆ ಅವರ ಪದ್ಧತಿಯನ್ನೂ ಈ ಬದಲಾವಣೆಯ ಜೊತೆಗಿಟ್ಟು ನೋಡಬೇಕು.

‘ಬ್ರಿಗೇಡ್’ ಪದ್ಧತಿ ಎಂದರೇನು? ಅದಕ್ಕೆ ಇಷ್ಟು ಮಹತ್ವ ಏಕೆ?

ಎಸ್ಕೊಫಿಯೆ ಅವರ ಕೊಡುಗೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. ಅವರಿಗೂ ಮೊದಲು ದೊಡ್ಡ ಅಡುಗೆಮನೆಗಳಲ್ಲಿ ಬೇರೆ ಬೇರೆ ವಿಭಾಗಗಳಿದ್ದವು. ಆದರೆ ಒಂದೊಂದು ವಿಭಾಗವೂ ತಾನೇ ಒಂದು ಪುಟ್ಟ ಸಂಸ್ಥಾನದಂತೆ ನಡೆಯುತ್ತಿತ್ತು. ಒಂದು ತಿನಿಸಿಗೆ ಬೇಕಾದ ಎಲ್ಲವನ್ನೂ ಒಂದೇ ವಿಭಾಗದವರು ತಾವೇ ಮಾಡಿಕೊಳ್ಳುತ್ತಿದ್ದುದರಿಂದ ಒಂದೇ ಕೆಲಸ ನಾಲ್ಕು ಕಡೆ ನಡೆಯುತ್ತಿತ್ತು, ಸಮಯವೂ ಸಾಮಾನೂ ಪೋಲಾಗುತ್ತಿದ್ದವು. ಸೇನೆಯಲ್ಲಿ ಕಂಡ ಶ್ರೇಣಿ ಮತ್ತು ಹೊಣೆಗಾರಿಕೆಯ ಕ್ರಮವನ್ನು ಎಸ್ಕೊಫಿಯೆ ಅಡುಗೆಮನೆಗೆ ತಂದು, ಒಂದೊಂದು ಬಗೆಯ ಕೆಲಸಕ್ಕೆ ಒಂದೊಂದು ವಿಭಾಗವನ್ನು ನಿಗದಿ ಮಾಡಿದರು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ‘ಮೇಯರ್‌ಬೇರ್ ಮೊಟ್ಟೆ’ ಎಂಬ ತಿನಿಸಿನಲ್ಲಿ ಬೆಣ್ಣೆಯಲ್ಲಿ ಬೇಯಿಸಿದ ಮೊಟ್ಟೆ, ಕೆಂಡದ ಮೇಲೆ ಸುಟ್ಟ ಕುರಿಯ ಮೂತ್ರಪಿಂಡ ಮತ್ತು ಟ್ರಫಲ್ ಎಂಬ ನೆಲದಡಿಯ ಅಣಬೆಯ ಸಾಸ್, ಈ ಮೂರೂ ಸೇರುತ್ತವೆ. ಒಬ್ಬನೇ ಇವೆಲ್ಲವನ್ನೂ ಮಾಡಲು ಕಾಲು ಗಂಟೆ ಬೇಕಾಗುತ್ತಿತ್ತು. ಹೊಸ ಕ್ರಮದಲ್ಲಿ ‘ಆಂತ್ರ್‌ಮೆತಿಯೆ’ ಮೊಟ್ಟೆಯನ್ನು, ‘ರೋತಿಸ್ಸರ್’ ಮಾಂಸವನ್ನು, ‘ಸೋಸಿಯೆ’ ಸಾಸನ್ನು ಒಂದೇ ಹೊತ್ತಿಗೆ ಸಿದ್ಧಪಡಿಸಿ ಕೆಲವೇ ನಿಮಿಷಗಳಲ್ಲಿ ತಟ್ಟೆಯಲ್ಲಿ ಕೂಡಿಸುತ್ತಿದ್ದರು. ಅತಿಥಿಯ ಮುಂದೆ ತಿನಿಸು ಬಿಸಿಬಿಸಿಯಾಗಿ ಬರತೊಡಗಿದ್ದಕ್ಕೆ ಇದೇ ಕಾರಣ. ಮೀನಿಗೆ, ತಣ್ಣನೆಯ ಪದಾರ್ಥ ಮತ್ತು ಉಗ್ರಾಣಕ್ಕೆ, ಸಿಹಿತಿಂಡಿ ಮತ್ತು ಬೇಕರಿಗೆ ಬೇರೆ ಬೇರೆ ಮುಖ್ಯಸ್ಥರಿದ್ದರು. ಅವರ ಕೈಕೆಳಗೆ ‘ಕಾಮಿ’ ಎಂಬ ಕಿರಿಯ ಅಡುಗೆಯವರು, ಎಲ್ಲರ ಮೇಲೆ ‘ಶೆಫ್ ದ ಕ್ವಿಜಿನ್’ ಮತ್ತು ಅವರ ಸಹಾಯಕ ‘ಸೂ ಶೆಫ್’. ಊಟದ ಕೋಣೆಯಿಂದ ಬಂದ ಚೀಟಿಯನ್ನು ಗಟ್ಟಿದನಿಯಲ್ಲಿ ಓದಿ ಹೇಳಲೆಂದೇ ಒಬ್ಬನಿದ್ದ.

ಬೆಂಗಳೂರು, ಮಂಗಳೂರುಗಳ ಸ್ಟಾರ್ ಹೋಟೆಲುಗಳಲ್ಲಿ ಇಂದಿಗೂ ಕೆಲಸಕ್ಕೆ ಸೇರುವ ಹುಡುಗರು ‘ಕಾಮಿ ತ್ರೀ’ ಆಗಿ ಶುರುಮಾಡಿ ‘ಕಾಮಿ ಟೂ’, ‘ಕಾಮಿ ಒನ್’ ಆಗಿ, ಅಲ್ಲಿಂದ ‘ಸಿಡಿಪಿ’ ಅಂದರೆ ಒಂದು ವಿಭಾಗದ ಮುಖ್ಯಸ್ಥರಾಗಿ ಬಡ್ತಿ ಪಡೆಯುತ್ತಾರೆ. ಅಲ್ಲಿ ಬೇಯುವುದು ಬಿರಿಯಾನಿಯಾಗಲಿ ಪಾಸ್ತಾ ಆಗಲಿ, ಅವರು ನಿಂತಿರುವ ಸಾಲು ಎಸ್ಕೊಫಿಯೆ ಎಳೆದದ್ದು.

ಐದು ಮೂಲ ಸಾಸ್‌ಗಳನ್ನು ಕಂಡುಹಿಡಿದವರು ಅವರೇ?

ಅಲ್ಲ. ಕಂಡುಹಿಡಿಯುವುದಕ್ಕೂ ವಿಂಗಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನಪಿಡಬೇಕು. ಅವರಿಗಿಂತ ಎರಡು ತಲೆಮಾರು ಹಿಂದೆ ಮಾರಿ-ಆಂತ್ವಾನ್ ಕರೇಮ್ (1784–1833) ಎಂಬ ಇನ್ನೊಬ್ಬ ಮಹಾನ್ ಬಾಣಸಿಗರು ಫ್ರೆಂಚ್ ಸಾಸ್‌ಗಳನ್ನು ನಾಲ್ಕು ಕುಲಗಳಾಗಿ ವಿಂಗಡಿಸಿದ್ದರು. ಎಸ್ಪನ್ಯೋಲ್ (ಕಂದು ಸಾಸ್), ವೆಲೂತೆ (ತಿಳಿಬಣ್ಣದ ಸಾರದಿಂದ ಮಾಡುವ ಸಾಸ್), ಆಲ್ಮಾಂಡ್ ಮತ್ತು ಬೆಶಮೆಲ್ (ಹಾಲಿನ ಸಾಸ್) ಎಂಬುವು ಆ ನಾಲ್ಕು. ಆಲ್ಮಾಂಡ್ ಎಂಬುದು ವೆಲೂತೆಗೆ ಮೊಟ್ಟೆಯ ಹಳದಿ ಸೇರಿಸಿದ ರೂಪವಷ್ಟೇ ಆದ್ದರಿಂದ ಎಸ್ಕೊಫಿಯೆ ಅದನ್ನು ಮೂಲಗಳ ಸಾಲಿನಿಂದ ತೆಗೆದರು, ಟೊಮೆಟೊ ಸಾಸಿಗೆ ಆ ಸಾಲಿನಲ್ಲಿ ಸ್ಥಾನ ಕೊಟ್ಟರು. ಬೆಣ್ಣೆ ಮತ್ತು ಮೊಟ್ಟೆಯ ಹಳದಿಯಿಂದ ಮಾಡುವ ಹಾಲಂಡೇಸ್ ಅನ್ನೂ ಸೇರಿಸಿ ಇಂದು ತರಗತಿಗಳಲ್ಲಿ ಐದು ಎಂದು ಕಲಿಸಲಾಗುತ್ತದೆ.

ಹೀಗೆ ವಿಂಗಡಿಸಿದ್ದರಿಂದ ಆದ ಲಾಭ ದೊಡ್ಡದು. ಮೂಲ ಸಾಸ್ ಒಂದನ್ನು ಬೆಳಿಗ್ಗೆಯೇ ತಯಾರಿಸಿಟ್ಟರೆ ಅದಕ್ಕೆ ಚೀಸ್ ಸೇರಿಸಿ ಒಂದು, ವೈನ್ ಮತ್ತು ಈರುಳ್ಳಿ ಸೇರಿಸಿ ಇನ್ನೊಂದು, ಹೀಗೆ ಹತ್ತಾರು ಸಾಸ್‌ಗಳನ್ನು ಬೇಕಾದಾಗ ಕ್ಷಣದಲ್ಲಿ ಮಾಡಿಕೊಳ್ಳಬಹುದು. ನೂರಾರು ಪಾಕಗಳನ್ನು ಬಿಡಿಬಿಡಿಯಾಗಿ ನೆನಪಿಡಬೇಕಾದ ಹುಡುಗನಿಗೆ ಐದು ಬೇರುಗಳನ್ನು ತೋರಿಸಿ ಉಳಿದದ್ದೆಲ್ಲ ಅವುಗಳ ಕೊಂಬೆಗಳೆಂದು ಹೇಳಿಕೊಟ್ಟಂತಾಯಿತು.

ಸಾಸ್‌ಗಿಂತಲೂ ಮೊದಲಿನದೆಂದು ಅವರು ಹೇಳುತ್ತಿದ್ದುದು ‘ಸ್ಟಾಕ್’, ಅಂದರೆ ಮೂಳೆ ಮತ್ತು ತರಕಾರಿಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ ಸೋಸಿದ ಸಾರ. ಹುರಿದ ಕರುವಿನ ಮೂಳೆಯ ಸ್ಟಾಕನ್ನು ಬತ್ತಿಸಿದಾಗ ಸಿಗುವ ಆಳವಾದ ರುಚಿ ಉಪ್ಪು, ಹುಳಿ, ಸಿಹಿ, ಕಹಿಗಳಲ್ಲಿ ಯಾವುದೂ ಅಲ್ಲ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡ ಅವರು ಕಡಲಕಳೆಯ ಸಾರಿನಲ್ಲಿದ್ದ ಗ್ಲುಟಮೇಟನ್ನು ಬೇರ್ಪಡಿಸಿ ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಅದೇ ರುಚಿಯನ್ನು ಯುರೋಪಿನ ಈ ಬಾಣಸಿಗರು ಹೆಸರಿಲ್ಲದೆಯೇ ತಮ್ಮ ಅಡುಗೆಯ ಬುನಾದಿಯಾಗಿ ಮಾಡಿಕೊಂಡಿದ್ದರು.

ಪೀಚ್ ಮೆಲ್ಬಾ ಹುಟ್ಟಿದ ಕಥೆ ನಿಜವೇ?

ನಿಜ, ಆದರೆ ಎಲ್ಲೆಡೆ ಹೇಳುವ ಕಥೆಯಲ್ಲಿ ಎರಡು ಘಟನೆಗಳು ಬೆರೆತುಹೋಗಿವೆ. ಆಸ್ಟ್ರೇಲಿಯಾದ ಗಾಯಕಿ ನೆಲ್ಲಿ ಮೆಲ್ಬಾ 1890ರ ದಶಕದ ಆರಂಭದಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ವಾಗ್ನರ್ ಅವರ ‘ಲೋಹೆಂಗ್ರಿನ್’ ಗೀತನಾಟಕದಲ್ಲಿ ಹಾಡುತ್ತಿದ್ದರು, ಸವಾಯ್‌ನಲ್ಲಿ ಉಳಿದುಕೊಂಡಿದ್ದರು. ಆ ನಾಟಕದಲ್ಲಿ ನಾಯಕನನ್ನು ಹಂಸವೊಂದು ದೋಣಿಯಲ್ಲಿ ಎಳೆದು ತರುತ್ತದೆ. ಎಸ್ಕೊಫಿಯೆ ಮಂಜುಗಡ್ಡೆಯಲ್ಲಿ ಹಂಸವನ್ನು ಕೆತ್ತಿಸಿ, ಅದರ ರೆಕ್ಕೆಗಳ ನಡುವೆ ಬೆಳ್ಳಿಯ ಬಟ್ಟಲಿಟ್ಟು, ವೆನಿಲಾ ಐಸ್‌ಕ್ರೀಮಿನ ಮೇಲೆ ಪೀಚ್ ಹಣ್ಣು ಜೋಡಿಸಿ, ಮೇಲೆ ಸಕ್ಕರೆಯ ಎಳೆಗಳ ಬಲೆ ಹೊದಿಸಿ ಮೆಲ್ಬಾ ಅವರ ಮುಂದಿಟ್ಟರು. ಶಿಲ್ಪಿಯಾಗಬೇಕೆಂದಿದ್ದ ಹುಡುಗನ ಆಸೆ ಅಲ್ಲಿ ಮಂಜಿನಲ್ಲಾದರೂ ಒಮ್ಮೆ ನೆರವೇರಿತು.

ಇಂದು ನಮಗೆ ಪರಿಚಿತವಾದ ರಾಸ್ಪ್‌ಬೆರಿ ಹಣ್ಣಿನ ರಸ ಆ ರಾತ್ರಿ ಇರಲಿಲ್ಲ. ಕೆಲವು ವರ್ಷಗಳ ನಂತರ ಕಾರ್ಲ್‌ಟನ್ ಹೋಟೆಲ್ ಶುರುವಾದಾಗ ಅವರು ಅದನ್ನು ಸೇರಿಸಿ ಆ ತಿನಿಸಿಗೆ ಈಗಿನ ರೂಪ ಕೊಟ್ಟರು. ತೆಳ್ಳಗೆ ಸೀಳಿ ಗರಿಗರಿಯಾಗಿ ಸುಟ್ಟ ‘ಮೆಲ್ಬಾ ಟೋಸ್ಟ್’ ಕೂಡ ಇದೇ ಗಾಯಕಿಯ ಹೆಸರಿನದು.

ತಿನಿಸಿಗೆ ಹೆಸರಿಡುವುದರಲ್ಲಿ ಅವರಿಗಿದ್ದ ಚತುರತೆಗೆ ಇನ್ನೊಂದು ನಿದರ್ಶನವಿದೆ. ಕಪ್ಪೆಯ ಕಾಲನ್ನು ಕಂಡರೆ ಮೂಗು ಮುರಿಯುತ್ತಿದ್ದ ಇಂಗ್ಲಿಷ್ ಶ್ರೀಮಂತರಿಗೆ ಅದನ್ನೇ ‘ಅರುಣೋದಯದ ಅಪ್ಸರೆಯರು’ ಎಂಬ ಅರ್ಥದ ಫ್ರೆಂಚ್ ಹೆಸರಿನಲ್ಲಿ, ಕೆಂಬಣ್ಣದ ಸಾಸಿನಲ್ಲಿ ಬಡಿಸಿದರು. ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ವೇಲ್ಸ್ ರಾಜಕುಮಾರರು ಅದನ್ನು ಮೆಚ್ಚಿ ತಿಂದರು.

ಸವಾಯ್ ಹೋಟೆಲಿನಿಂದ ಅವರನ್ನು ತೆಗೆದುಹಾಕಿದ್ದು ಏಕೆ?

ಇದನ್ನು ಅನೇಕ ಪರಿಚಯ ಲೇಖನಗಳು ಮುಚ್ಚಿಟ್ಟು ದಾಟಿಬಿಡುತ್ತವೆ. ಅವರನ್ನು ಗೌರವಿಸುವವನಾದ ನನಗೆ ಅದು ಸರಿಯೆನ್ನಿಸುವುದಿಲ್ಲ.

1898ರ ಮಾರ್ಚ್‌ನಲ್ಲಿ ಹೋಟೆಲಿನ ಆಡಳಿತ ರಿಟ್ಜ್, ಎಸ್ಕೊಫಿಯೆ ಮತ್ತು ಊಟದ ಕೋಣೆಯ ಮುಖ್ಯಸ್ಥ ಎಶನಾರ್ ಮೂವರನ್ನೂ ಒಂದೇ ದಿನ ಕೆಲಸದಿಂದ ತೆಗೆಯಿತು. ಅಡುಗೆಮನೆಯ ಹಲವರು ತಮ್ಮ ಮುಖ್ಯಸ್ಥನ ಪರವಾಗಿ ಕೆಲಸ ಬಿಟ್ಟರು, ಗದ್ದಲವಾಗಿ ಪೊಲೀಸರು ಬರಬೇಕಾಯಿತು. ಹೊರಗಿನವರಿಗೆ ಇದು ಆಡಳಿತದೊಳಗಿನ ಜಗಳದಂತೆ ಕಂಡಿತು. ನಿಜ ಬೇರೆಯೇ ಇತ್ತು. ದುಬಾರಿ ವೈನ್ ಮತ್ತು ಮದ್ಯದ ಲೆಕ್ಕದಲ್ಲಿ ಕೊರತೆಯಿತ್ತು, ಮತ್ತು ಸಾಮಾನು ಪೂರೈಸುವ ವ್ಯಾಪಾರಿಗಳಿಂದ ಎಸ್ಕೊಫಿಯೆ ಕಮಿಷನ್ ಮತ್ತು ಉಡುಗೊರೆ ಪಡೆಯುತ್ತಿದ್ದರು. 1900ರ ಜನವರಿಯಲ್ಲಿ ಅವರು ಇದನ್ನು ಒಪ್ಪಿಕೊಂಡು ಸಹಿ ಹಾಕಿದರು. ಹೋಟೆಲಿಗೆ ಆದ ನಷ್ಟದಲ್ಲಿ ಅವರ ಪಾಲು 8,000 ಪೌಂಡಿಗಿಂತ ಹೆಚ್ಚೆಂದು ಲೆಕ್ಕ ಹಾಕಿದ್ದರೂ ಅವರ ಬಳಿ ಇದ್ದ 500 ಪೌಂಡನ್ನು ಪಡೆದು ಆಡಳಿತ ಸುಮ್ಮನಾಯಿತು. ಈ ಕಾಗದಗಳು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ಅವರು ಸತ್ತು ಅರ್ಧ ಶತಮಾನ ಕಳೆದ ಮೇಲೆ, 1980ರ ದಶಕದಲ್ಲಿ.

ವ್ಯಾಪಾರಿಗಳಿಂದ ಕಮಿಷನ್ ಪಡೆಯುವುದು ಅಂದಿನ ದೊಡ್ಡ ಅಡುಗೆಮನೆಗಳಲ್ಲಿ ವಾಡಿಕೆಯಾಗಿತ್ತು ಎಂದು ಸಮರ್ಥಿಸುವವರಿದ್ದಾರೆ. ವಾಡಿಕೆಯಾಗಿತ್ತು ಎಂಬುದು ನಿಜವಿರಬಹುದು, ಆದರೆ ತಾವು ಮಾಡಿದ್ದು ತಪ್ಪೆಂದು ಸ್ವತಃ ಅವರೇ ಬರೆದುಕೊಟ್ಟ ಮೇಲೆ ಆ ವಾದಕ್ಕೆ ಬಲವಿಲ್ಲ. ಅಡುಗೆಯವನ ಮರ್ಯಾದೆಗಾಗಿ ದುಡಿದ ಮನುಷ್ಯನೇ ಇಲ್ಲಿ ಎಡವಿದರು. ಉಗ್ರಾಣದ ಕೀಲಿ ಕೈಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬ್ರಿಗೇಡ್ ಪದ್ಧತಿಯ ಪಾಠದ ಜೊತೆಗೇ ಈ ಪಾಠವನ್ನೂ ಓದಬೇಕು.

ಆ ಅವಮಾನದ ನಂತರ ಅವರ ವೃತ್ತಿ ಮುಗಿಯಲಿಲ್ಲವೇ?

ಮುಗಿಯಲಿಲ್ಲ. ಮೂರೇ ತಿಂಗಳಲ್ಲಿ, 1898ರ ಜೂನ್ 1ರಂದು, ಪ್ಯಾರಿಸ್‌ನ ವಾಂದೋಮ್ ಚೌಕದಲ್ಲಿ ರಿಟ್ಜ್ ತಮ್ಮದೇ ಹೆಸರಿನ ಹೋಟೆಲನ್ನು ತೆರೆದರು. ಅದರ ಅಡುಗೆಮನೆಯನ್ನು ಕಟ್ಟಿದವರು ಎಸ್ಕೊಫಿಯೆ. ಮರುವರ್ಷ ಲಂಡನ್ನಿನಲ್ಲಿ ಕಾರ್ಲ್‌ಟನ್ ಹೋಟೆಲ್ ಆರಂಭವಾಯಿತು, ಸವಾಯ್‌ನ ಅನೇಕ ಗಿರಾಕಿಗಳು ಇವರ ಹಿಂದೆಯೇ ಅಲ್ಲಿಗೆ ಬಂದರು. ಸುಮಾರು 60 ಅಡುಗೆಯವರಿದ್ದ ಆ ಅಡುಗೆಮನೆಯನ್ನು ಎಸ್ಕೊಫಿಯೆ 1920ರವರೆಗೆ, ಎರಡು ದಶಕಗಳ ಕಾಲ ನಡೆಸಿದರು.

ರಿಟ್ಜ್ ಅವರ ಕಥೆ ಇಷ್ಟು ಸುಖದ್ದಲ್ಲ. 1902ರ ಜೂನ್‌ನಲ್ಲಿ ಏಳನೆಯ ಎಡ್ವರ್ಡ್ ಅವರ ಪಟ್ಟಾಭಿಷೇಕಕ್ಕೆ ಭಾರೀ ಸಿದ್ಧತೆ ನಡೆದಿದ್ದಾಗ, ದೊರೆಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಿ ಸಮಾರಂಭ ಮುಂದೆ ಹೋಯಿತು. ಆ ಆಘಾತದಲ್ಲಿ ಕುಸಿದ ರಿಟ್ಜ್ ಪೂರ್ತಿಯಾಗಿ ಚೇತರಿಸಿಕೊಳ್ಳಲೇ ಇಲ್ಲ. 1918ರಲ್ಲಿ ಅವರು ತೀರಿಕೊಂಡರು.

ಅವರ ಪುಸ್ತಕ ಇಂದಿಗೂ ಉಪಯೋಗಕ್ಕೆ ಬರುತ್ತದೆಯೇ?

1903ರಲ್ಲಿ ಪ್ರಕಟವಾದ ‘ಲ ಗೀದ್ ಕ್ಯುಲಿನೇರ್’, ಅಂದರೆ ಪಾಕಶಾಸ್ತ್ರದ ಕೈಪಿಡಿ, ಅವರ ಮುಖ್ಯ ಕೃತಿ. ಫಿಲೆಯಾಸ್ ಜಿಲ್ಬೇರ್ ಮತ್ತು ಎಮಿಲ್ ಫೆತ್ಯು ಅವರ ಸಹಕಾರದಿಂದ ರೂಪುಗೊಂಡ ಅದರಲ್ಲಿ 5,000ಕ್ಕೂ ಹೆಚ್ಚು ಪಾಕಗಳಿವೆ. ಕಾಲ ಬದಲಾದಂತೆ ಅಡುಗೆಯೂ ಬದಲಾಗಬೇಕೆಂದು ನಂಬಿದ್ದ ಅವರು 1907, 1912 ಮತ್ತು 1921ರಲ್ಲಿ ಅದನ್ನು ತಿದ್ದಿ ಮತ್ತೆ ಪ್ರಕಟಿಸಿದರು.

ಮನೆಯಲ್ಲಿ ಅಡುಗೆ ಮಾಡುವವರು ಅದನ್ನು ಮೊದಲ ಬಾರಿ ತೆರೆದಾಗ ನಿರಾಶರಾಗುವ ಸಾಧ್ಯತೆಯೇ ಹೆಚ್ಚು. ಹಲವು ಪಾಕಗಳು ಎರಡು ಮೂರು ಸಾಲುಗಳಲ್ಲಿ ಮುಗಿದುಹೋಗುತ್ತವೆ. ಇಂಥ ಸಾಸ್ ಹಾಕಿ, ಇಂಥ ಅಲಂಕಾರ ಮಾಡಿ ಎನ್ನುತ್ತದೆಯೇ ಹೊರತು ಅದನ್ನು ಹೇಗೆ ಮಾಡಬೇಕೆಂದು ಅಲ್ಲಿ ಹೇಳುವುದಿಲ್ಲ, ಏಕೆಂದರೆ ಅದು ಬೇರೆ ಪುಟದಲ್ಲಿದೆ. ಕೈ ಪಳಗಿದವರಿಗಾಗಿ ಬರೆದ ಪುಸ್ತಕವದು. ಮನೆಯವರಿಗಾಗಿ ಅವರು ಬರೆದ ‘ಮಾ ಕ್ವಿಜಿನ್’ ಬಂದದ್ದು 1934ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ.

ಅಡುಗೆಮನೆಯಲ್ಲಿ ಅವರು ಎಂಥ ಮನುಷ್ಯ?

ಮೆದುಮಾತಿನವರು. ಅವರ ಅಡುಗೆಮನೆಯಲ್ಲಿ ಬೈಗುಳಕ್ಕೂ ಮದ್ಯಕ್ಕೂ ಅವಕಾಶವಿರಲಿಲ್ಲ. ಬೆಂಕಿಯ ಮುಂದೆ ಬೆವರುವವರ ಬಾಯಾರಿಕೆಗೆಂದು ಬಾರ್ಲಿಯ ನೀರನ್ನು ಸದಾ ಇಡಿಸುತ್ತಿದ್ದರು. ತಮಗೆ ಕೋಪ ಬರುತ್ತಿದೆ ಎನ್ನಿಸಿದರೆ ಅಡುಗೆಮನೆಯಿಂದ ಹೊರಗೆ ಹೋಗಿ, ಸಮಾಧಾನವಾದ ಮೇಲೆ ಮರಳುತ್ತಿದ್ದರು. ಕಿರಿಯರಿಗೆ ಓದು ಬರಹವನ್ನು ಮುಂದುವರಿಸಲು ಹೇಳುತ್ತಿದ್ದರು, ಕೆಲಸ ಮುಗಿಸಿ ಬೀದಿಗೆ ಇಳಿಯುವಾಗ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಬೇಕೆಂದು ಒತ್ತಾಯಿಸುತ್ತಿದ್ದರು. ಅಡುಗೆಯವನನ್ನು ಆಳೆಂದು ಕಾಣುತ್ತಿದ್ದ ಸಮಾಜದಲ್ಲಿ ಇದು ಬರೀ ಉಡುಪಿನ ಮಾತಾಗಿರಲಿಲ್ಲ. ಇಂದಿಗೂ ಕೆಲವು ಅಡುಗೆಮನೆಗಳಲ್ಲಿ ಕೂಗಾಟ ಮತ್ತು ಅವಮಾನಗಳನ್ನು ‘ಶಿಸ್ತು’ ಎಂದು ಕರೆಯುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ, ಏಕೆಂದರೆ ಆ ಶಿಸ್ತನ್ನು ಕಟ್ಟಿದ ವ್ಯಕ್ತಿ ಅದಕ್ಕೆ ಬೈಗುಳ ಬೇಕೆಂದು ಭಾವಿಸಿರಲಿಲ್ಲ.

ಸವಾಯ್‌ನಲ್ಲಿ ಔತಣಗಳಿಗೆ ಲಾವುಗೆ ಹಕ್ಕಿಯ ಎದೆಯ ಮಾಂಸವನ್ನಷ್ಟೇ ಬಡಿಸಲಾಗುತ್ತಿತ್ತು. ಉಳಿದ ಕಾಲುಗಳನ್ನು ಎಸ್ಕೊಫಿಯೆ ಅನಾಥ ವೃದ್ಧರನ್ನು ಸಲಹುತ್ತಿದ್ದ ‘ಬಡವರ ಪುಟ್ಟ ಸೋದರಿಯರು’ ಎಂಬ ಸನ್ಯಾಸಿನಿಯರ ಸಂಸ್ಥೆಗೆ ಅನ್ನದೊಂದಿಗೆ ಬೇಯಿಸಲೆಂದು ಕಳುಹಿಸುತ್ತಿದ್ದರು. 1910ರಲ್ಲಿ ಬಡತನವನ್ನು ನಿವಾರಿಸಲು ಪರಸ್ಪರ ಸಹಾಯದ ಯೋಜನೆಯೊಂದನ್ನು ಸೂಚಿಸುವ ಕಿರುಹೊತ್ತಗೆಯನ್ನೂ ಅವರು ಹೊರತಂದರು. ಮುದಿತನದಲ್ಲಿ ಕೆಲಸಗಾರನ ಗತಿಯೇನು ಎಂಬ ಚಿಂತೆ ಅವರಿಗೆ ಕೊನೆಯವರೆಗೂ ಇತ್ತು.

ಅವರ ಕುಟುಂಬ?

ಪತ್ನಿ ಡೆಲ್ಫಿನ್ ದಾಫಿಸ್, ಪ್ಯಾರಿಸ್‌ನ ಪ್ರಕಾಶಕರೊಬ್ಬರ ಮಗಳು, ಕವಿತೆ ಬರೆಯುತ್ತಿದ್ದರು. ಮಕ್ಕಳು ಮೂವರು. ಲಂಡನ್ನಿನ ಬದುಕು ಒಗ್ಗದೆ ಡೆಲ್ಫಿನ್ ಮಕ್ಕಳೊಂದಿಗೆ ಮಾಂಟೆ ಕಾರ್ಲೊದಲ್ಲೇ ಉಳಿದರು, ಆದ್ದರಿಂದ ದಂಪತಿ ದಶಕಗಳ ಕಾಲ ಹೆಚ್ಚಾಗಿ ದೂರ ದೂರವೇ ಇದ್ದರು. ಮಗ ಡೇನಿಯಲ್ 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದರು.

ಅವರಿಗೆ ಎಷ್ಟು ಮಿಶೆಲಿನ್ ಸ್ಟಾರ್‌ಗಳಿದ್ದವು?

ಒಂದೂ ಇರಲಿಲ್ಲ. ಮಿಶೆಲಿನ್ ಕೈಪಿಡಿ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡಲು ಆರಂಭಿಸಿದ್ದು 1926ರಲ್ಲಿ, ಅವರು ನಿವೃತ್ತರಾಗಿ ಆರು ವರ್ಷವಾದ ಮೇಲೆ. ಮೊದಲ ಮಹಾಯುದ್ಧದ ನಂತರ ಫ್ರೆಂಚ್ ಸರ್ಕಾರ ಅವರಿಗೆ ‘ಲೆಜಿಯನ್ ಆಫ್ ಆನರ್’ ಕೊಟ್ಟು, 1928ರಲ್ಲಿ ಅದರ ಮೇಲಿನ ದರ್ಜೆಗೆ ಏರಿಸಿತು. ‘ರಾಜರ ಅಡುಗೆಯವ, ಅಡುಗೆಯವರ ರಾಜ’ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿತು.

ಅವರ ಪದ್ಧತಿಯಲ್ಲಿ ಟೀಕಿಸುವಂಥದ್ದು ಏನೂ ಇಲ್ಲವೇ?

ಇದೆ. ಅವರು ತಮಗಿಂತ ಹಿಂದಿನ ಅಡುಗೆಯನ್ನು ಸರಳಗೊಳಿಸಿದರು ಎಂಬುದು ದಿಟ. ಕರೇಮ್ ಕಾಲದಲ್ಲಿ ಊಟದ ಮೇಜಿನ ಮೇಲೆ ಕಟ್ಟಡಗಳ ಹಾಗೆ ನಿಲ್ಲಿಸುತ್ತಿದ್ದ ಅಲಂಕಾರಗಳನ್ನು ಅವರು ಕೈಬಿಟ್ಟರು. ಎಲ್ಲ ತಿನಿಸುಗಳನ್ನೂ ಒಮ್ಮೆಗೇ ಮೇಜಿನ ಮೇಲೆ ಹರಡುವ ಬದಲು ಒಂದಾದ ಮೇಲೊಂದರಂತೆ ಬಡಿಸುವ, ರಷ್ಯದಿಂದ ಬಂದಿದ್ದ ಕ್ರಮವನ್ನು ನೆಲೆಗೊಳಿಸಿದರು. ಆದರೂ ಇಂದಿನ ನಾಲಿಗೆಗೆ ಅವರ ಅಡುಗೆ ಭಾರವೇ. 1970ರ ದಶಕದಲ್ಲಿ ಫ್ರಾನ್ಸಿನ ಹೊಸ ತಲೆಮಾರಿನ ಬಾಣಸಿಗರು ಹಿಟ್ಟು ಹಾಕಿ ಗಟ್ಟಿ ಮಾಡಿದ ಸಾಸ್‌ಗಳನ್ನು ಬಿಟ್ಟು, ಕಡಿಮೆ ಬೇಯಿಸಿದ, ಪದಾರ್ಥದ ಸ್ವಂತ ರುಚಿ ಉಳಿಸುವ ಅಡುಗೆಯತ್ತ ತಿರುಗಿದ್ದು ಎಸ್ಕೊಫಿಯೆ ಅವರ ಹೆಸರಿನಲ್ಲಿ ಕಲ್ಲಾಗಿಹೋಗಿದ್ದ ನಿಯಮಗಳ ವಿರುದ್ಧವೇ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಹೆಂಗಸರು ಊಟದ ಕೋಣೆಗೆ ಬರುವಂತೆ ಮಾಡಿದ ಈ ಹೋಟೆಲುಗಳು ಅವರನ್ನು ಅಡುಗೆಮನೆಯೊಳಗೆ ಬಿಡಲಿಲ್ಲ. ಬ್ರಿಗೇಡ್ ಗಂಡಸರ ಸೈನ್ಯವಾಗಿಯೇ ಬೆಳೆಯಿತು. ಹುದ್ದೆಗಳ ಫ್ರೆಂಚ್ ಹೆಸರುಗಳೇ ಪುಲ್ಲಿಂಗದಲ್ಲಿವೆ. ಮನೆಗಳಲ್ಲಿ ಜಗತ್ತಿನ ಬಹುಪಾಲು ಅಡುಗೆಯನ್ನು ಹೆಂಗಸರೇ ಮಾಡುತ್ತಿದ್ದರೂ, ಸಂಬಳ ಮತ್ತು ಕೀರ್ತಿ ಸಿಗುವ ಅಡುಗೆಮನೆಗಳಲ್ಲಿ ಅವರ ಸಂಖ್ಯೆ ಇಷ್ಟು ಕಡಿಮೆಯಾಗಿರುವುದರ ಹಿಂದೆ ಈ ಸಂಪ್ರದಾಯದ ಪಾಲೂ ಇದೆ.

ಪೀಚ್ ಮೆಲ್ಬಾವನ್ನು ಮನೆಯಲ್ಲಿ ಮಾಡಬಹುದೇ?

ಧಾರಾಳವಾಗಿ ಮಾಡಬಹುದು. ಚೆನ್ನಾಗಿ ಮಾಗಿದ ಪೀಚ್ ಹಣ್ಣನ್ನು ಕೆಲವು ಸೆಕೆಂಡು ಕುದಿನೀರಿನಲ್ಲಿ ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿದರೆ ಸಿಪ್ಪೆ ಸುಲಭವಾಗಿ ಬರುತ್ತದೆ. ಹಣ್ಣಿಗೆ ಸ್ವಲ್ಪ ಸಕ್ಕರೆ ಉದುರಿಸಿ ತಣ್ಣಗಿಡಿ. ರಾಸ್ಪ್‌ಬೆರಿಯನ್ನು ಅರೆದು ಸೋಸಿ ಸಕ್ಕರೆ ಬೆರೆಸಿಕೊಳ್ಳಿ, ತಾಜಾ ಹಣ್ಣು ಸಿಗದಿದ್ದರೆ ಫ್ರೋಜನ್ ಹಣ್ಣು ಸಾಕು. ಬಟ್ಟಲಿನಲ್ಲಿ ಒಳ್ಳೆಯ ವೆನಿಲಾ ಐಸ್‌ಕ್ರೀಮ್, ಅದರ ಮೇಲೆ ಪೀಚ್, ಅದರ ಮೇಲೆ ರಾಸ್ಪ್‌ಬೆರಿ ರಸ, ಇಷ್ಟೇ. ಹಾಲಿನ ಕೆನೆ, ಜೆಲ್ಲಿ, ಬಿಸ್ಕತ್ತು ಮುಂತಾದವನ್ನು ಸೇರಿಸಿದರೆ ಅದು ಎಸ್ಕೊಫಿಯೆ ಅವರ ತಿನಿಸಾಗಿ ಉಳಿಯುವುದಿಲ್ಲ.

ಅವರು ತೀರಿಕೊಂಡದ್ದು ಯಾವಾಗ? ಅವರ ನೆನಪಿನ ಸ್ಥಳಗಳು ಎಲ್ಲಿವೆ?

1935ರ ಫೆಬ್ರುವರಿ 12ರಂದು, 88ನೆಯ ವಯಸ್ಸಿನಲ್ಲಿ, ಮಾಂಟೆ ಕಾರ್ಲೊದಲ್ಲಿ. ಕೆಲವೇ ದಿನಗಳ ಹಿಂದೆ ಡೆಲ್ಫಿನ್ ತೀರಿಕೊಂಡಿದ್ದರು. ಅವರ ಸಮಾಧಿ ಹುಟ್ಟೂರಾದ ವಿಲ್‌ನವ್-ಲುಬೆಯಲ್ಲಿದೆ.

ಕಾರ್ಲ್‌ಟನ್ ಹೋಟೆಲ್ ಇಂದು ಇಲ್ಲ. ಲಂಡನ್ನಿನಲ್ಲಿ ಅದು ನಿಂತಿದ್ದ ಜಾಗದಲ್ಲಿ ನ್ಯೂಜಿಲೆಂಡ್ ಹೌಸ್ ಎಂಬ ಕಟ್ಟಡವಿದೆ. ಆಧುನಿಕ ವಿಯೆಟ್ನಾಮನ್ನು ಕಟ್ಟಿದ ಹೋ ಚಿ ಮಿನ್ ಅವರು 1913ರಲ್ಲಿ ಆ ಹೋಟೆಲಿನಲ್ಲಿ ಕೆಲಸ ಮಾಡಿದ್ದರೆಂದು ತಿಳಿಸುವ ಫಲಕ ಅದರ ಗೋಡೆಯ ಮೇಲಿದೆ. ಎಸ್ಕೊಫಿಯೆ ಹುಟ್ಟಿದ ಮನೆಯನ್ನು 1966ರಲ್ಲಿ ಪಾಕಕಲೆಯ ಸಂಗ್ರಹಾಲಯವಾಗಿ ಮಾಡಲಾಯಿತು. ಅದಕ್ಕಾಗಿ ಮುಂದೆ ನಿಂತು ದುಡಿದವರು ಅವರ ಕೈಯಲ್ಲಿ ಕೆಲಸ ಕಲಿತು ಅಮೆರಿಕದಲ್ಲಿ ಹೆಸರು ಮಾಡಿದ ಬಾಣಸಿಗ ಜೋಸೆಫ್ ದೊನೋನ್. ನೀಸ್‌ನಿಂದ ಸ್ವಲ್ಪವೇ ದೂರವಿರುವ ಆ ಮನೆಯಲ್ಲಿ ಹಳೆಯ ಕಾಲದ ಅಡುಗೆಮನೆಯನ್ನೂ ಪಾತ್ರೆಗಳನ್ನೂ ಔತಣಗಳ ಊಟದ ಪಟ್ಟಿಗಳನ್ನೂ ಸಕ್ಕರೆಯಲ್ಲಿ ಮಾಡಿದ ಶಿಲ್ಪಗಳನ್ನೂ ನೋಡಬಹುದು.